ಓಕೆ ಒತ್ತುವ ಬೆರಳು

ಆ ದಿನ ಮಿಲ್ಲಿನಲ್ಲಿ ಕರೆಂಟು ಹೋಗುವುದಂತೂ ಖಾತ್ರಿ. ಹೋದರೆ ಇನ್ವರ್ಟರ್ ಇದೆಯಲ್ಲ ಅಂದರೆ, ಇನ್ವರ್ಟರ್ ಕೈಕೊಡಬಹುದಿತ್ತು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳಬಹುದಿತ್ತು. ಇಲಿ ವೈರು ಕಡಿಯಬಹುದಿತ್ತು. ಹತ್ತಿ ಮಿಲ್ಲಿನ ಇಲಿಗಳಿಗೆ ಹತ್ತಿಗಿಂತ ವೈರೇ ರುಚಿ. ಅಕಾಲದಲ್ಲಿ ಮೋಡ ಕವಿದು ಹತ್ತಿ ಗಾಡಿಗಳೇ ಬರದೆ ಹೋಗಬಹುದಿತ್ತು. ಮಿಲ್ಲಿನ ಸಾವ್ಕಾರರಿಗೆ ಯಾರದೋ ಮದುವೆ ನೆನಪಾಗಿ ನಡುವೆಯೇ ಎದ್ದು ಹೋಗಬಹುದಿತ್ತು. ಅವರ ಅಳಿಯ ರೂಢಿಯಂತೆ ಕಂಪ್ಯೂಟರನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿಬಿಡಬಹುದಿತ್ತು. ಹಾಗೆ ಮಾಡಿದರೆ ಇಡೀ ದಿನದ ಪರೀಕ್ಷೆ ನೀರುಪಾಲು. ಆ ಕಂಪ್ಯೂಟರಿನ ಮುಂದೆ ಕೂರುವ ಸಾಬವ್ವ ಬರದೆಯೇ ಇರಬಹುದಿತ್ತು, ಬಂದರೂ ಅಳಬಹುದಿತ್ತು. ನಾನು ಬರೆದ ಕೋಡೇ ತಪ್ಪಿರಬಹುದಿತ್ತು. ಯಾದಗಿರಿಯಿಂದ ಹೊರಟ ನನ್ನ ಮೋಟರ್ ಸೈಕಲ್ಲು ಭೀಮಾ ಸೇತುವೆ ದಾಟುವ ಮೊದಲೇ ಪಂಕ್ಚರ್ ಆಗಬಹುದಿತ್ತು. ನಾನು ಬರೆದ ಕೋಡೇ ತಪ್ಪಿರಬಹುದಿತ್ತು ಎಂಬುದನ್ನು ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ದಾರಿಯುದ್ದಕ್ಕೂ ಅದು ಹೊಳ್ಳಿ ಹೊಳ್ಳಿ ಬರುತ್ತಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಬೇರೆಯೇ, ಬಹಳ ಸಣ್ಣದು. ಅದನ್ನು ಹೇಳಬೇಕಾದರೆ ಮೊದಲು ಸರ್ ವಿಷಯ ಹೇಳಬೇಕು.

ಹೋದ ತಿಂಗಳು ಸುರಪುರದಲ್ಲಿ ಸರ್ ಅವರಿಗೆ ಸನ್ಮಾನವಾಯಿತು. ಕೆಲಸ ಬಿಟ್ಟು ಇನ್ನು ಊರಲ್ಲೇ ಇರುತ್ತಾರೆ ಎಂದು ಶಾಲು, ಹಾರ, ಹಣ್ಣಿನ ಬುಟ್ಟಿ. ಯಾದಗಿರಿ ಗಂಜ್ ಮಾರುಕಟ್ಟೆಯ ಹಿಂದಿನ ಎರಡು ಕೋಣೆಯ ನಮ್ಮ ಕಂಪನಿಯ ಪರವಾಗಿ ಶಾಲು ಹೊದಿಸಿದವನು ನಾನು. ಹೊದಿಸುವ ಮೊದಲು ಶಾಲನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದೆ. ಗುರುಭಕ್ತಿ ಎಂದು ಮುಂದಿನ ಸಾಲಿನವರು ತಿಳಿದುಕೊಂಡರು. ನನಗೆ ಮಾತ್ರ ಶಾಲಿನ ಚುಂಗು ಪಕ್ಕದ ದೀಪಕ್ಕೆ ತಾಗೀತು ಎಂಬ ಚಿಂತೆ. ಆಮೇಲೆ ಎರಡು ಮಾತು ಆಡಿರಿ ಎಂದರು. "ನಮ್ಮ ಭಾಗದ ಹತ್ತಿ ಮಿಲ್ಲುಗಳಿಗೆ ಕಂಪ್ಯೂಟರ್ ಕಾಟಾ ತಂದವರು" ಎಂದೆ. ಚಪ್ಪಾಳೆ ಬಿತ್ತು. ಆ ಎರಡು ಮಾತು ಸುಳ್ಳಲ್ಲ. ಉಳಿದ ಮಾತು ಇಲ್ಲಿವೆ.

ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ತಮ್ಮಂದಿರು ಜಗಳಕ್ಕೆ ಬಂದಾರು ಎಂಬ ಹೆದರಿಕೆ ಒಂದು. ಈ ಬರಹದಿಂದಲೂ ಅವರಿಗೆ ಪ್ರಚಾರವೇ ಸಿಕ್ಕೀತು ಎಂಬ ಹೊಟ್ಟೆಯುರಿ ಇನ್ನೊಂದು. ಅವರನ್ನು ಎಲ್ಲರೂ ಸರ್ ಎನ್ನುತ್ತಿದ್ದರು, ಹೆಂಡತಿಯೂ ಸೇರಿ. ಹೈದರಾಬಾದಿನಲ್ಲಿ ಕೋರ್ಸು ಮಾಡಿ ಬಂದವರು. ಯಾವ ಕೋರ್ಸು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಏನು ಓದಿದಿರಿ ಎಂದು ಕೇಳಿದರೆ "ಅಮೀರಪೇಟದಾಗ ಓದೀನಿ" ಎನ್ನುತ್ತಿದ್ದರು. ಏನು ಎಂದರೆ ಎಲ್ಲಿ ಎಂದು ಉತ್ತರ. ಅಂಗಿಯ ಕಿಸೆಯಲ್ಲಿ ಸದಾ ಎರಡು ಪೆನ್ನು, ಬರೆದದ್ದು ನೋಡಿದವರಿಲ್ಲ. ಬಲಗೈ ತೋರುಬೆರಳಿಗೆ ಹಳದಿ ಹರಳಿನ ಉಂಗುರ. ಗುರುಬಲಕ್ಕೆ ಎಂದು ಜೋಯಿಸರು ಹೇಳಿ ಹಾಕಿಸಿದ್ದು. ಆ ಬೆರಳನ್ನು ನೆನಪಿಟ್ಟುಕೊಳ್ಳಿ.

ನಮ್ಮ ಕೆಲಸ ಇಷ್ಟು. ಹತ್ತಿ ಮಿಲ್ಲು, ಬೇಳೆ ಮಿಲ್ಲುಗಳಲ್ಲಿ ಗಾಡಿ ತೂಗುವ ದೊಡ್ಡ ಕಾಟಾ ಇರುತ್ತದೆ. ಅದರ ಪಕ್ಕದ ಕೋಣೆಯಲ್ಲಿ ಒಂದು ಕಂಪ್ಯೂಟರ್. ಗಾಡಿ ಹತ್ತಿದಾಗ ತೂಕ ತೊಗೊಂಡು ಚೀಟಿ ಛಾಪಿಸುವ ಪ್ರೋಗ್ರಾಮು ನಮ್ಮದು. ನಮ್ಮದು ಅಂದರೆ ಸರ್ ಅವರದು. ನಾನು ಸೇರುವ ಮೊದಲೇ ಬರೆದು ಮುಗಿಸಿದ್ದರು. ಮುಗಿದ ಮೇಲೆ ಅದರ ಕಡೆ ತಿರುಗಿ ನೋಡಿರಲಿಲ್ಲ. "ಹೆತ್ತ ಮಗಾ ದೊಡ್ಡಾವ ಆದ ಮ್ಯಾಲ ಕುಂಡಿ ತೊಳೀತಾರೇನ?" ಎನ್ನುತ್ತಿದ್ದರು.

ಸೇರಿದ ಮೊದಲ ವಾರ ಒಂದು ಬೇಳೆ ಮಿಲ್ಲಿಗೆ ನನ್ನನ್ನು ಕರೆದುಕೊಂಡು ಹೋದರು. ಪರದೆಯ ನಡುವೆ ಒಂದು ಡಬ್ಬಿ ತೆರೆದುಕೊಂಡು ಏನೋ ತಪ್ಪಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ನಾನು ಬಗ್ಗಿ ಓದುತ್ತಿದ್ದೆ. ಹಳದಿ ಹರಳು ನನ್ನ ಮೂಗಿನ ಮುಂದಿನಿಂದ ಹಾದುಹೋಯಿತು. ಟಕ್. ಓಕೆ ಒತ್ತಿದರು, ಡಬ್ಬಿ ಮಾಯ.

"ಸರ್, ಏನೋ ಬರೆದಿತ್ತಲ್ರಿ."

"ಓದಬಾರ್ದು ತಮ್ಮಾ ಅದನ್ನ. ಓದಿದ್ರ ತಲ್ಯಾಗ ಕೂಡ್ತದ."

"ಅಲ್ರಿ, ಏನ ತಪ್ಪಾಗ್ಯದ ಅಂತ ತಿಳೀಬೇಕಲ್ರಿ?"

"ತಿಳಕೊಂಡು ಏನ ಮಾಡ್ತಿ? ಗಿರಾಕಿ ಮುಂದ ಮಷಿನ್ ಬಾಯಿ ತೆಗೀಬಾರ್ದು. ತೆಗೀತಂದ್ರ ಬಾಯಿ ಮುಚ್ಚಸೋದೇ ನಮ್ಮ ಕೆಲಸ."

ಗ್ಯಾಸಿನ ಗುಬ್ಬಿ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಹೋಗುವ ಜಾತಿ ನನ್ನದು. ಚಿಂತೆಯನ್ನು ಒಂದು ಬೆರಳಿನಿಂದ ಒತ್ತಿ ಮಾಯ ಮಾಡುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ಒಂದು ವಾರ ಅವರನ್ನು ಮನಸಾರೆ ಪೂಜಿಸಿದೆ. ಎರಡನೆಯ ವಾರ ಅವರ ಸ್ಕೂಟರ್ ಹತ್ತಿದೆ.

ಸ್ಕೂಟರಿನಲ್ಲಿ ಪೆಟ್ರೋಲು ಮುಗಿಯುತ್ತ ಬಂದಾಗ ಒಂದು ಕೆಂಪು ದೀಪ ಹತ್ತುತ್ತದಲ್ಲ, ಅದರ ಮೇಲೆ ಸರ್ ಹೆಂಡತಿಯ ಹಣೆಯ ಟಿಕಳಿ ಅಂಟಿಸಿದ್ದರು. ದೊಡ್ಡ ಮರೂನ್ ಟಿಕಳಿ. ಹತ್ತಿಕುಣಿಯ ಕಡೆ ಒಂದು ಮಿಲ್ಲಿಗೆ ಹೋಗಿ ವಾಪಸು ಹೊರಳುವಾಗ ಗಾಡಿ ನಿಂತಿತು. ಬಿಸಿಲಲ್ಲಿ ಇಬ್ಬರೂ ನೂಕಿದೆವು. ಇಬ್ಬರೂ ಅಂದರೆ ನಾನು ನೂಕಿದೆ, ಅವರು ಹ್ಯಾಂಡಲ್ ಹಿಡಿದಿದ್ದರು. ಆ ಟಿಕಳಿ ಯಾಕೆ ಸರ್ ಎಂದು ಕೇಳಿದ್ದಕ್ಕೆ "ಸುಮ್ನ ಮಿಣಿಮಿಣಿ ಅಂತದ, ಕಣ್ಣಿಗೆ ತ್ರಾಸ" ಎಂದರು. ಪೆಟ್ರೋಲ್ ಬಂಕು ಬಂದ ಮೇಲೆ ಟಿಕಳಿ ತೆಗೆಯಲಿಲ್ಲ. ಅಂಚು ಎದ್ದಿತ್ತು, ಉಗುಳು ಹಚ್ಚಿ ಗಟ್ಟಿಯಾಗಿ ಒತ್ತಿದರು.

ಅವರ ಮನೆಯವರು ಒಳ್ಳೆಯ ಹೆಣ್ಣುಮಗಳು. ಒಮ್ಮೆ ಊಟಕ್ಕೆ ಬಡಿಸುತ್ತ ಹೇಳಿದರು: "ನಿಮ್ ಸರ್ ಇದ್ದ ದಿನ ಕುಕ್ಕರ್ ಇಡಂಗಿಲ್ರಿ ನಾ. ಒಂದ್ ಸೀಟಿ ಹೊಡೀತಂದ್ರ ಎದ್ದು ಹೋಗಿ ಒಲಿ ಆರಸ್ತಾರ. ಈ ಮನ್ಯಾಗ ಬ್ಯಾಳಿ ಬೆಂದದ್ದು ನಾ ನೋಡಿಲ್ಲ." ಸರ್ ತಟ್ಟೆಯಲ್ಲಿ ಉರುಳುತ್ತಿದ್ದ ತೊಗರಿಬೇಳೆಯ ಕಾಳನ್ನು ಬೆರಳಿನಿಂದ ಒತ್ತಿ ಅನ್ನದೊಳಗೆ ಮುಚ್ಚಿದರು.

ಇಂಥವರ ಪ್ರೋಗ್ರಾಮಿಗೆ ಅಷ್ಟು ವರ್ಷ ಒಳ್ಳೆಯ ಹೆಸರು ಹೇಗೆ ಇತ್ತು ಎಂದು ನೀವು ಕೇಳಬಹುದು. ನಮ್ಮ ಕಡೆಯ ಕರೆಂಟಿನ ಪುಣ್ಯ. ಪ್ರತಿ ಚೀಟಿಗೂ ಪ್ರೋಗ್ರಾಮು ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಕೇಳಿ ತೊಗೊಳ್ಳುತ್ತದೆ. ಚೀಟಿ ಮುಗಿದ ಮೇಲೆ ಆ ಜಾಗ ಬಿಟ್ಟುಕೊಡಬೇಕು. ಸರ್ ಪ್ರೋಗ್ರಾಮು ಬಿಟ್ಟುಕೊಡುತ್ತಿರಲಿಲ್ಲ. ತೂಕವಾದ ಗಾಡಿಗಳು ಗೇಟಿನಿಂದ ಹೊರಗೆ ಹೋಗದೆ ಮಿಲ್ಲಿನ ಅಂಗಳದಲ್ಲೇ ನಿಂತರೆ ಏನಾಗುತ್ತದೋ ಅದು. ಒಂದು ಹೊತ್ತಿಗೆ ಅಂಗಳ ತುಂಬಿ ಹೊಸ ಗಾಡಿಗೆ ಜಾಗ ಇಲ್ಲ. ಆದರೆ ಆ ಹೊತ್ತು ಬರುವ ಮೊದಲೇ, ಮಧ್ಯಾಹ್ನ, ತಪ್ಪದೆ ಕರೆಂಟು ಹೋಗುತ್ತಿತ್ತು. ಕಂಪ್ಯೂಟರ್ ಸಾಯುತ್ತಿತ್ತು, ಅಂಗಳ ಸಾಫ್. ಕರೆಂಟು ಬಂದ ಮೇಲೆ ಹೊಸ ಲೆಕ್ಕ. ಸಂಜೆಯವರೆಗೆ ಅಂಗಳ ಮತ್ತೆ ತುಂಬುವಷ್ಟು ಗಾಡಿ ಬರುತ್ತಿರಲಿಲ್ಲ. ಸರ್ ಎದೆ ಉಬ್ಬಿಸಿ "ನನ್ನ ಪ್ರೋಗ್ರಾಮು ಇವತ್ತಿನ ತನಕ ಬಿದ್ದಿಲ್ಲ" ಎನ್ನುತ್ತಿದ್ದರು. ಬೀಳುವ ಮೊದಲು ಕರೆಂಟು ಇಲಾಖೆಯವರೇ ಅದನ್ನು ಮಲಗಿಸುತ್ತಿದ್ದರು.

ಇದನ್ನು ಪಾಪ ಎಂದು ನಾನು ಹೇಳುವುದಿಲ್ಲ. ಜಾಗ ಸೋರುವ ಕೋಡು ನಾನೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ, ಬರೆದು ಮನೆಗೆ ಹೋಗಿ ನಿದ್ದೆಗೆಡುತ್ತೇನೆ. ಪಾಪ ಬೇರೆ ಇದೆ, ಬರುತ್ತೇನೆ.

ಶಹಾಪುರದ ಒಂದು ಹತ್ತಿ ಮಿಲ್ಲಿನ ಸಾವ್ಕಾರರು ಹತ್ತಿಯ ಹಂಗಾಮು ಶುರುವಾಗುವ ಮೊದಲು ದೊಡ್ಡ ಇನ್ವರ್ಟರ್ ತಂದರು. ಇನ್ನು ಕರೆಂಟು ಹೋದರೂ ಕಾಟಾ ನಿಲ್ಲುವುದಿಲ್ಲ ಎಂದು ಪೂಜೆ ಮಾಡಿ ಪೇಡೆ ಹಂಚಿದರು. ಹತ್ತಿ ಬರಲು ಶುರುವಾದ ಮೇಲೆ ತಕರಾರೂ ಬರತೊಡಗಿದವು. ಹುಣಸಗಿ ಕಡೆಯ ರೈತರೊಬ್ಬರು ತಮ್ಮ ಟ್ರ್ಯಾಕ್ಟರಿನ ಚೀಟಿ ಹಿಡಿದು ಬಂದು, ಇದು ನನ್ನ ಮುಂದೆ ನಿಂತಿದ್ದವನ ತೂಕ ಎಂದರು. ಹುಡುಕಿದರೆ ಇನ್ನೂ ಕೆಲವು ಅಂಥವೇ. ಎಲ್ಲವೂ ಸಂಜೆ ಪಾಳಿಯವು. ಸಂಜೆ ಪಾಳಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಸಾಬವ್ವ, ದೇವಾಪುರದವಳು. ಗಂಡನ ಜೊತೆ ಶಹಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದಳು. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಹಿಡಿದ ಅವರ ಮನೆತನದ ಮೊದಲ ಹೆಣ್ಣು.

ಸಾವ್ಕಾರರು ನಮ್ಮನ್ನು ಕರೆಸಿದರು. "ಮುಂಜಾನಿ ನಮ್ಮ ಅಳಿಯ ಕೂಡ್ತಾನ, ಒಂದ್ ಚೀಟಿ ತಪ್ಪಿಲ್ಲ. ಇಕಿ ಕೂತಾಗಷ್ಟೇ ಯಾಕ ತಪ್ಪಾಗ್ತದ, ನೀವೇ ಹೇಳ್ರಿ ಸರ್. ನಿಮ್ ಮಷಿನ್ ತಪ್ಪೋ, ಇಕಿ ತಪ್ಪೋ?"

ಸರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಮಷಿನ್ ತಪ್ಪು ಮಾಡಂಗಿಲ್ರಿ ಸಾವ್ಕಾರ್ರೆ. ಮನಷ್ಯಾರು ಮಾಡ್ತಾರ."

ಸಾಬವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ನೋಡದೆಯೇ ಇದನ್ನು ಹೇಳಿದರು. ಹಂಗಾಮಿನ ನಡುವೆ ಬೇರೆಯವರು ಸಿಗುವುದಿಲ್ಲವೆಂದು ಸಾವ್ಕಾರರು ಅವಳನ್ನು ಅಮಾವಾಸ್ಯೆಯವರೆಗೆ ಇಟ್ಟುಕೊಂಡರು. ಅಷ್ಟರಲ್ಲಿ ತಪ್ಪಿಗೆ ಬೇರೆ ಕಾರಣ ಸಿಗದಿದ್ದರೆ ಅವಳು ಹೊರಗೆ. ಗೇಟಿನ ಹತ್ತಿರ ಅವಳು ನನ್ನನ್ನು ನಿಲ್ಲಿಸಿದಳು.

"ಅಣ್ಣಾ, ಕೆಲಸ ಹೋದ್ರ ಹೋಗ್ಲಿ. ಹತ್ತಿ ಬಿಡಸಾಕ ಹೋಗ್ತೀನಿ, ಅದಕ್ಕೇನ ನಾಚಿಕಿಲ್ಲ. ಆದ್ರ ತೂಕ ಹೊಡದಾಕಿ ಅಂತ ಹೆಸರ ಬಂತಂದ್ರ, ನಮ್ಮೂರಾಗ ಒಂದ್ ಸೇರ ಜ್ವಾಳಾ ಸೈತ ನನ್ನ ಕೈಲೆ ಅಳಸಂಗಿಲ್ಲ ಯಾರೂ."

ನಾನು ಆ ಮಿಲ್ಲಿಗೆ ಎಷ್ಟೋ ಸಲ ಹೋದೆ. ಏನೂ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂದರೆ, ಹೋದ ಕೂಡಲೇ ಮೊದಲು ಪ್ರೋಗ್ರಾಮು ಬಂದ್ ಮಾಡಿ ಚಾಲೂ ಮಾಡುತ್ತಿದ್ದೆ. ಸರ್ ಕಲಿಸಿದ ಮೊದಲ ಪಾಠ ಅದು. ನಾಡಿ ಹಿಡಿಯುವ ಮೊದಲೇ ಗುಳಿಗೆ ಕೊಡುವ ವೈದ್ಯ ನಾನು. ಒಂದು ಸಂಜೆ ಮಾತ್ರ ಗೇಟಿನ ಆಚೆ ರಸ್ತೆಯವರೆಗೆ ಗಾಡಿಗಳ ಸಾಲು ನಿಂತಿತ್ತು. "ಈಗ ಬಂದ್ ಮಾಡಬ್ಯಾಡ್ರಿ ಅಣ್ಣಾ, ಮಂದಿ ಬೈತಾರ" ಎಂದಳು ಸಾಬವ್ವ. ಸುಮ್ಮನೆ ಹಿಂದೆ ಸ್ಟೂಲಿನ ಮೇಲೆ ಕೂತೆ. ಕೂತು ನೋಡುತ್ತಿದ್ದಂತೆ ಒಂದು ಲಾರಿಯ ತೂಕ ಅದರ ಹಿಂದಿನ ಲಾರಿಯ ಚೀಟಿಯಲ್ಲೂ ಬಂತು. ಛಾಪಿಸುವ ಬಟನ್ ಒಂದು ಒತ್ತಿದ್ದು ಬಿಟ್ಟರೆ ಅವಳ ಕೈ ಕೀಬೋರ್ಡಿನಿಂದ ದೂರ, ತೊಡೆಯ ಮೇಲಿತ್ತು.

ಯಾದಗಿರಿಗೆ ಬಂದು ಸರ್ ಬರೆದ ಕೋಡು ತೆಗೆದೆ. ಜಾಗ ಕೇಳುವ ಸಾಲಿನ ಕೆಳಗೆ, ಜಾಗ ಸಿಗದಿದ್ದರೆ ಹಾಗೆಂದು ಪರದೆಯ ಮೇಲೆ ಹೇಳು ಎಂಬ ಸಾಲು ಇತ್ತು. ಸರ್ ಅದನ್ನು ಬರೆದಿದ್ದರು, ಅಷ್ಟು ಬುದ್ಧಿ ಅವರಿಗಿತ್ತು. ಆಮೇಲೆ ಆ ಸಾಲಿನ ಶುರುವಿನಲ್ಲಿ ಎರಡು ಓರೆಗೆರೆ ಎಳೆದು, ಕಂಪ್ಯೂಟರ್ ಅದನ್ನು ಓದದಂತೆ ಅದರ ಬಾಯಿ ಮುಚ್ಚಿದ್ದರು. ಬದಲಿಗೆ, ಹೊಸ ಜಾಗ ಸಿಗದಿದ್ದರೆ ಹಳೆಯ ಜಾಗದಲ್ಲಿ ಏನಿದೆಯೋ ಅದನ್ನೇ ಹೊಸ ನಂಬರು ಹಾಕಿ ಛಾಪಿಸು ಎಂದು ಬರೆದಿದ್ದರು. ಪಾಪ ಎಂದೆನಲ್ಲ, ಇದು. ಅದೂ ಟಿಕಳಿಯೇ.

ಅವರಿಗೆ ತೋರಿಸಿದೆ. ಕೂಡಲೇ ತಿಳಿಯಿತು. ಕಿವಿ ಕೆಂಪಾದವು.

"ಇರ್ಲಿ ಬಿಡು ತಮ್ಮಾ. ಸಪ್ಪಳಿಲ್ಲದ ರಿಪೇರಿ ಮಾಡು. ಸಾವ್ಕಾರಗ ಹೇಳಿದ್ರ ಇಷ್ಟು ವರ್ಷದ ಚೀಟಿ ಎಲ್ಲಾ ಕೆದರ್ತಾನ."

"ಹಂಗಾದ್ರ ಸಾಬವ್ವಂದು ಏನ್ರಿ?"

"ಯಾರು?"

"ಕಾಟಾದ ಮ್ಯಾಲ ಕೂಡ್ತಾಳಲ್ರಿ, ಆಕಿ."

"ಓ, ಆಕಿ." ಕಿಸೆಯ ಪೆನ್ನು ಸರಿಮಾಡಿಕೊಂಡರು. "ಅಂಥಾಕಿ ಒಬ್ಬಾಕಿ ಹೋದ್ರ ಇನ್ನೊಬ್ಬಾಕಿ ಬರ್ತಾಳ."

ಮನುಷ್ಯರನ್ನು ತಿರಸ್ಕರಿಸಲು ನನಗೆ ಧೈರ್ಯ ಕಡಿಮೆ. ತಿರಸ್ಕರಿಸಿದರೆ ಅವರಿಗೆ ಗೊತ್ತಾದೀತು ಎಂಬ ಭಯ. ಅವತ್ತು ಮಾತ್ರ ಸಲೀಸಾಗಿ ಆಯಿತು.

ಆದರೆ ಸಾವ್ಕಾರರ ಮುಂದೆ ಸರ್ ಮಾತು ಮೀರಿ ನನ್ನ ಮಾತು ನಡೆಯುವುದಿಲ್ಲ, ಕೋಡಿನ ಸಾಲು ತೋರಿಸಿದರೆ ಅವರಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ಸೋರುವುದನ್ನು ಹಾಗೇ ಬಿಟ್ಟೆ. ಓರೆಗೆರೆಗಳನ್ನು ಮಾತ್ರ ಅಳಿಸಿದೆ, ಇಂಗ್ಲಿಷ್ ತೆಗೆದು ದೊಡ್ಡ ಕನ್ನಡ ಅಕ್ಷರದಲ್ಲಿ ಹೀಗೆ ಬರೆದೆ: 'ಜಾಗ ಸಾಲಲಿಲ್ಲ. ಈ ಚೀಟಿಯ ತೂಕ ತಪ್ಪಿರಬಹುದು.' ಮಷಿನ್ ತಪ್ಪು ಮಾಡುವುದಿಲ್ಲ ಎಂದಿದ್ದರಲ್ಲ, ಮಷಿನ್ನೇ ಬಾಯಿಬಿಟ್ಟು ಒಪ್ಪಿಕೊಳ್ಳಲಿ ಎಂದು. ಸಾವ್ಕಾರರಿಗೆ ಫೋನ್ ಮಾಡಿ, ಒಂದು ದಿನ ಮುಂಜಾನೆಯಿಂದ ಸಂಜೆಯವರೆಗೆ ಬಂದ್ ಮಾಡದೆ ನಡೆಸಿರಿ, ಸಾಬವ್ವ ಮುಟ್ಟುವುದು ಬೇಡ, ನಿಮ್ಮ ಅಳಿಯನೇ ಕೂರಲಿ, ನೀವೇ ಎದುರು ಕೂತು ನೋಡಿರಿ ಎಂದೆ. ಒಪ್ಪಿದರು. ಹೇಗೋ ಸುದ್ದಿ ತಿಳಿದು ಸರ್ ತಾವೂ ಬರುತ್ತೇನೆ ಎಂದರು. ಹಿರಿಯರು, ಬೇಡ ಎನ್ನಲಾದೀತೇ.

ಆ ದಿನ ಮಧ್ಯಾಹ್ನ ಕರೆಂಟು ಹೋಯಿತು, ಇನ್ವರ್ಟರ್ ಹಿಡಿದುಕೊಂಡಿತು. ಕಂಪ್ಯೂಟರ್ ಕಣ್ಣು ಮಿಟುಕಿಸಲಿಲ್ಲ. ತಿನ್ನಲು ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಬಂದವು. ಸರ್ ಅಳಿಯನ ಹಿಂದೆಯೇ ಕುರ್ಚಿ ಹಾಕಿಸಿಕೊಂಡು ಕೂತು ತಿಂದರು. ಸಾಬವ್ವನನ್ನು ಒಳಗೆ ಕರೆದರೆ ಬರಲಿಲ್ಲ.

"ಇಲ್ಲೇ ನಿಂದರ್ತೀನ್ರಿ. ಎಲ್ಲಾರ್ಗೂ ನನ್ನ ಕೈ ಕಾಣ್ಲಿ."

ಬಾಗಿಲ ಚೌಕಟ್ಟಿನ ಮೇಲೆ ಎರಡೂ ಅಂಗೈ ಇಟ್ಟು ನಿಂತಳು. ಬಳೆ ಸಪ್ಪಳ ಕೂಡ ಮಾಡಲಿಲ್ಲ.

ಗಾಡಿಯ ಮೇಲೆ ಗಾಡಿ. ಸಂಜೆಯಾಗುತ್ತ ಬಂದರೂ ಚೀಟಿಗಳು ಸರಿಯಾಗಿಯೇ ಬರುತ್ತಿದ್ದವು. ನಾನು ಬೆವರತೊಡಗಿದೆ. "ನಿಮ್ಮ ಹುಡುಗಗ ಚಿಂತಿ ಭಾಳ" ಎಂದರು ಸಾವ್ಕಾರರು. "ಮೊದ್ಲಿಂದ ಹಂಗೇ ಅದಾನ್ರಿ" ಎಂದರು ಸರ್. ನಲವತ್ತೈದು ದಾಟಿದವನನ್ನು ಹುಡುಗ ಎಂದದ್ದಕ್ಕೆ ಸಿಟ್ಟು ಬರಬೇಕಿತ್ತು, ಪುರಸತ್ತಿರಲಿಲ್ಲ.

ತುಂಬಿದ ಲಾರಿಯೊಂದು ತೂಗಿಸಿಕೊಂಡು ಇಳಿಯಿತು. ಅದರ ಹಿಂದೆ ನಾಲ್ಕು ಚೀಲ ಹತ್ತಿ ಹೇರಿಕೊಂಡ, ಮೂರು ಗಾಲಿಯ ಒಂದು ಟಂಟಂ ಹತ್ತಿತು. ಸಾವ್ಕಾರರು ಬಸಿಯಲ್ಲಿ ಸುರಿದ ಚಾ ಊದುತ್ತಿದ್ದರು. ಅಳಿಯ ಬಟನ್ ಒತ್ತಿದ. ಪರದೆಯ ನಡುವೆ ಡಬ್ಬಿ ತೆರೆದುಕೊಂಡಿತು. ನನ್ನ ದೊಡ್ಡ ಕನ್ನಡ ಅಕ್ಷರಗಳು.

"ಸಾವ್ಕಾರ್ರೆ, ಅಲ್ಲಿ ನೋಡ್ರಿ," ಎಂದೆ.

ಅವರು ಬಸಿ ಕೆಳಗಿಟ್ಟು ತಲೆ ಎತ್ತಿದರು. ಪರದೆ ಸಾಫ್ ಇತ್ತು.

"ಏನ್ ನೋಡ್ಲಿ?"

"ಏನಿಲ್ರಿ," ಎಂದರು ಸರ್.

ಪ್ರಿಂಟರ್ ಕರಕರ ಎಂದಿತು. ಚೀಟಿ ಬಂತು. ನಾಲ್ಕು ಚೀಲದ ಟಂಟಂಗೆ ತುಂಬಿದ ಲಾರಿಯ ತೂಕ. ಅಳಿಯ ಓದಿ ಹೇಳಿದಾಗ ಟಂಟಂನವನು ಕಿಟಕಿಯಲ್ಲಿ ಮುಖ ಹಾಕಿದ: "ಅಷ್ಟ ಹೇರಿದ್ರ ನಾ ಇಲ್ಲಿ, ಗಾಲಿ ಹುಣಸಗ್ಯಾಗ ಇರ್ತಿದ್ವು ಸಾವ್ಕಾರ್ರೆ."

ಸಾವ್ಕಾರರು ಚೀಟಿ ನೋಡಿದರು, ಅಳಿಯನನ್ನು ನೋಡಿದರು, ಬಾಗಿಲ ಚೌಕಟ್ಟಿನ ಮೇಲಿದ್ದ ಕೈಗಳನ್ನು ನೋಡಿದರು. "ಇಕಿ ಮುಟ್ಟಿಲ್ಲ ಹಂಗಾದ್ರ," ಎಂದರು.

"ಇನ್ವರ್ಟರ್ ಕರೆಂಟು ಸಾಫ್ ಇರಂಗಿಲ್ರಿ," ಎಂದರು ಸರ್. "ನಾ ಮೊದ್ಲೇ ಹೇಳಿದ್ದೆ." ಯಾವತ್ತೂ ಹೇಳಿರಲಿಲ್ಲ.

"ಇನ್ವರ್ಟರ್ ಅಲ್ರಿ, ಪ್ರೋಗ್ರಾಮಿಂದು," ಎಂದೆ. "ಈಗ ಕಂಪ್ಯೂಟರೇ ಹೇಳ್ತು."

"ಎಲ್ಲಿ ಹೇಳ್ತು? ನಂಗೇನ ಕಾಣ್ಲಿಲ್ಲ." ಎಂದ ಸಾವ್ಕಾರರು, ಇನ್ನೊಂದು ಗಾಡಿ ಹತ್ತಿಸಿ ನೋಡಿರಿ ಎಂದು ನಾನು ಹೇಳುವಷ್ಟರಲ್ಲಿ, ಇವತ್ತಿಗೆ ತೂಕ ಸಾಕು ಎಂದು ಗಾಡಿ ನಿಲ್ಲಿಸಿ ಇನ್ವರ್ಟರ್ ಅಂಗಡಿಯವನಿಗೆ ಫೋನ್ ಹಚ್ಚಿದ್ದರು. ಅವನಿಗೆ ಬಿದ್ದ ಬೈಗುಳ ಮಿಲ್ಲಿನ ಅಂಗಳದವರೆಗೆ ಕೇಳಿತು. ಸರ್ ತಲೆ ಆಡಿಸುತ್ತ, ಉಳಿದಿದ್ದ ಮಿರ್ಚಿ ತೊಗೊಂಡರು.

ಸಾಬವ್ವ ಇವತ್ತಿಗೂ ಅದೇ ಕಾಟಾದ ಮುಂದೆ ಕೂರುತ್ತಾಳೆ. ಅವಳ ಕ್ಷಮೆಯನ್ನು ಯಾರೂ ಕೇಳಲಿಲ್ಲ. ದೇವಾಪುರದಲ್ಲಿ ಕೆಲವರು ಅವಳನ್ನು "ಇನ್ವರ್ಟರ್ ಕೆಟ್ಟು ಬಚಾವ್ ಆದಾಕಿ" ಎನ್ನುತ್ತಾರಂತೆ. ನಾನು ಮರುದಿನವೇ ಸೋರುವುದನ್ನು ಮುಚ್ಚಿದೆ. ಡಬ್ಬಿಯ ಸಾಲನ್ನು ಮಾತ್ರ ತೆಗೆಯಲಿಲ್ಲ.

ಅವತ್ತು ಹೊರಡುವಾಗ ಅವಳು ಗೇಟಿನ ಹತ್ತಿರ ಕೇಳಿದಳು: "ಅಣ್ಣಾ, ಏನೋ ಬಂದು ಹೋತಲ್ರಿ ಪರದಿ ಮ್ಯಾಲ. ಏನ ಬರೆದಿತ್ತು?"

ಹೇಳಿದೆ.

"ತಪ್ಪಿರಬಹುದು ಅಂತ ಮಷಿನ್ನೇ ಒಪ್ಕೊಂಡಿತ್ತೇನ್ರಿ?"

"ಒಪ್ಕೊಂಡಿತ್ತು."

"ಅದನ್ನ ಸಾವ್ಕಾರ್ರು ಒಮ್ಮಿ ಓದಿದ್ರ ಸಾಕಿತ್ರಿ ನಂಗ," ಎಂದು ಸೆರಗು ಹೊದ್ದುಕೊಂಡು ಹೋದಳು.

ಹೀಗಾಗಿ ಕರೆಂಟು ಹೋದರೂ ಇನ್ವರ್ಟರ್ ಕೈಕೊಡಲಿಲ್ಲ. ಕಾಗದ ಸಿಕ್ಕಿಕೊಳ್ಳಲಿಲ್ಲ, ಇಲಿ ವೈರು ಕಡಿಯಲಿಲ್ಲ, ಮೋಡ ಕವಿಯಲಿಲ್ಲ. ಸಾವ್ಕಾರರು ಏಳಲಿಲ್ಲ, ಅಳಿಯ ಬಂದ್ ಮಾಡಲಿಲ್ಲ, ಸಾಬವ್ವ ಅಳಲಿಲ್ಲ, ಮೋಟರ್ ಸೈಕಲ್ಲು ಸರಿಯಾಗಿ ಮನೆ ಮುಟ್ಟಿಸಿತು. ನಾನು ಬರೆದ ಕೋಡೂ ತಪ್ಪಿರಲಿಲ್ಲ. ಎಲ್ಲಕ್ಕೂ ಚಿಂತೆ ಮಾಡಿದ್ದೆ. ಇಷ್ಟು ವರ್ಷ ಪಕ್ಕದಲ್ಲೇ ಕೂತು ನೋಡಿದ್ದನ್ನು ಮಾತ್ರ ಚಿಂತೆಗೆ ಸೇರಿಸಿರಲಿಲ್ಲ. ಸಾವ್ಕಾರರು ಬಸಿ ಕೆಳಗಿಡುವಷ್ಟರಲ್ಲಿ, ಅಳಿಯನ ಹೆಗಲ ಮೇಲಿನಿಂದ, ಮಿರ್ಚಿಯ ಎಣ್ಣೆ ಮೆತ್ತಿದ, ಹಳದಿ ಹರಳಿನ ಒಂದು ಬೆರಳು ಬಂದು ಓಕೆ ಒತ್ತಿತು.